ಪುಣೆ, ಮುಂಬೈ ಹತ್ತಿರ ಲಾವಾ ನೆಲದ ಮೇಲೆ ಒಂದು ದಿನದ ಸುಲಭ ನಡಿಗೆ ಎಲ್ಲಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಬೆಂಗಳೂರಿನಿಂದ ಪುಣೆಗೆ ಬಂದು ಆರು ತಿಂಗಳಾಗಿದೆ. ಒಂಬತ್ತು ವರ್ಷದ ಮಗಳು ಐಸ್‌ಲ್ಯಾಂಡಿನ ಯಾವುದೋ ವಿಡಿಯೊ ನೋಡಿ, ನಾವೂ ಲಾವಾ ಮೇಲೆ ನಡೆಯೋಣ ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಅರವತ್ತು ದಾಟಿದ ಅತ್ತೆ ಮಾವ ಇದ್ದಾರೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವಂಥ ಜಾಗ ಬೇಕು.

ಮಗಳಿಗೆ ಮೊದಲು ಹೇಳಿಬಿಡಿ, ಅವಳು ಆರು ತಿಂಗಳಿಂದ ಲಾವಾ ಮೇಲೇ ಶಾಲೆಗೆ ಹೋಗಿಬರುತ್ತಿದ್ದಾಳೆ. ಪುಣೆ, ಮುಂಬೈ, ನಾಸಿಕ್, ಸಾತಾರಾ, ಇತ್ತ ನಮ್ಮ ವಿಜಯಪುರ, ಕಲಬುರಗಿ, ಬೆಳಗಾವಿಯ ಬಹುಪಾಲು ಎಲ್ಲವೂ ಕೂತಿರುವುದು ಒಂದೇ ಲಾವಾ ಹಾಸಿನ ಮೇಲೆ. ಇದಕ್ಕೆ ಡೆಕ್ಕನ್ ಟ್ರ್ಯಾಪ್ಸ್ ಅನ್ನುತ್ತಾರೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದದ್ದು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಸಹ್ಯಾದ್ರಿಯ ಕಡೆ ಇದರ ದಪ್ಪ ಎರಡು ಕಿಲೋಮೀಟರಿಗೂ ಜಾಸ್ತಿ.

ಆದರೆ ಬಾಯಿ ತೆರೆದ ಬೆಟ್ಟ, ಹೊಗೆ, ಕೆಂಡ ಇದ್ಯಾವುದೂ ಇಲ್ಲಿ ಸಿಗುವುದಿಲ್ಲ. ಇಲ್ಲಿನ ಲಾವಾ ಬೆಟ್ಟದ ತುದಿಯಿಂದ ಚಿಮ್ಮಿದ್ದಲ್ಲ. ನೆಲ ಉದ್ದುದ್ದಕ್ಕೆ ಸೀಳಿ, ಆ ಬಿರುಕುಗಳಿಂದ ಗಂಜಿ ಉಕ್ಕಿದ ಹಾಗೆ ಉಕ್ಕಿ ಸುತ್ತ ಹರಡಿಕೊಂಡಿತು. ಆರಿತು. ಮತ್ತೆ ಉಕ್ಕಿತು. ಹೀಗೆ ಪದರದ ಮೇಲೆ ಪದರ. ನಮ್ಮ ದೇಶದಲ್ಲಿ ಈಗ ಉರಿಯುವ ಜ್ವಾಲಾಮುಖಿ ಅಂತ ಇರುವುದು ಅಂಡಮಾನಿನ ಬ್ಯಾರನ್ ದ್ವೀಪ ಒಂದೇ. ಯಾರಾದರೂ ಲೋಣಾರ್‌ಗೆ ಹೋಗಿ, ಅದೂ ಜ್ವಾಲಾಮುಖಿ ಅಂದರೆ ನಂಬಬೇಡಿ. ಲಾವಾ ಆರಿ ಆದ ಇದೇ ಕರಿಕಲ್ಲಿನ (ಬಸಾಲ್ಟ್) ಮೇಲೆ ಆಕಾಶದಿಂದ ಕಲ್ಲು ಬಿದ್ದು ಆದ ಗುಂಡಿ ಅದು. ನೋಡುವಂಥದ್ದೇ, ಆದರೆ ಪುಣೆಯಿಂದ ಒಂದೇ ದಿನದಲ್ಲಿ ಹೋಗಿಬರುವ ದೂರವಲ್ಲ.

ಇನ್ನು ಜಾಗದ ವಿಷಯ. ನಾನು ವಿಜಯಪುರದ ಕಡೆಯವನು, ಪುಣೆಗೆ ಬಂದು ಹನ್ನೊಂದು ವರ್ಷ. ನನಗೆ ಈ ಕಲ್ಲು ನೋಡುವುದನ್ನು ಕಲಿಸಿದ್ದು ಪುಸ್ತಕವಲ್ಲ, ನಮ್ಮ ಅಪ್ಪ. ಒಮ್ಮೆ ಊರಿಂದ ಬಂದವರನ್ನು ಬಹಳ ಉತ್ಸಾಹದಿಂದ ಲೋಣಾವಳದ ಹತ್ತಿರದ ಲೋಹಗಡ ಕೋಟೆಗೆ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ನಾನು ಓದಿಕೊಂಡಿದ್ದನ್ನೆಲ್ಲ ಹೇಳಿದೆ. ಅವರು ಎದುರಿನ ಗುಡ್ಡವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದನ್ನ ನೋಡಾಕ ಇಷ್ಟು ದೂರ ಬರಬೇಕಾಗಿತ್ತೇನು? ನಮ್ಮ ಬಾವ್ಯಾಗ ಇದ ಕಲ್ಲು ಅಲ್ಲೇನು" ಅಂದರು.

ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು. ಆದರೆ ಅವರು ಹೇಳಿದ್ದು ಸರಿಯೇ ಇತ್ತು. ನಮ್ಮ ಹೊಲದ ಬಾವಿ ತೋಡಿಸುವಾಗ ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಆಮೇಲೆ ಮದ್ದು ಹಾಕಿ ಒಡೆಯಬೇಕಾದ ಗಟ್ಟಿ ಕರಿಕಲ್ಲು. ಅದು ಮುಗಿದ ಮೇಲೆ ತೂತುತೂತಾದ ಮೆತ್ತನೆ ಕಲ್ಲು. ನೀರು ಬಂದದ್ದು ಅಲ್ಲಿ. ಲೋಹಗಡದ ಗುಡ್ಡವನ್ನು ಅಪ್ಪ ಅದೇ ಕಣ್ಣಿನಲ್ಲಿ ನೋಡಿದರು. ಕಡಿದಾಗಿ ನಿಂತಿರುವುದು ಗಟ್ಟಿ ಕಲ್ಲು, ಇಳಿಜಾರಾಗಿ ಹುಲ್ಲು ಬೆಳೆದಿರುವುದು ಮೆತ್ತನೆ ಕಲ್ಲು, ಮತ್ತೆ ಗಟ್ಟಿ, ಮತ್ತೆ ಮೆತ್ತಗೆ. "ಬಾವಿ ಎತ್ತಿ ಮ್ಯಾಲೆ ನಿಲ್ಲಿಸಿಧಂಗ ಐತಿ" ಅಂದರು. ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಇದುವರೆಗೂ ಸಿಕ್ಕಿಲ್ಲ.

ಕಾರಣವೂ ಸರಳ. ಲಾವಾ ಹರಿದು ಆರುವಾಗ ಒಳಗಿನ ಅನಿಲ ಗುಳ್ಳೆಗುಳ್ಳೆಯಾಗಿ ಮೇಲಕ್ಕೆ ಬರುತ್ತದೆ. ಹಾಗಾಗಿ ಪ್ರತಿ ಹರಿವಿನ ಮೇಲ್ಭಾಗ ತೂತುಮಯ, ನಡುಭಾಗ ಗಟ್ಟಿ. ತೂತಿನ ಭಾಗ ಮಳೆಗೆ ಬೇಗ ಸವೆಯುತ್ತದೆ, ಗಟ್ಟಿ ಭಾಗ ಗೋಡೆಯಾಗಿ ನಿಲ್ಲುತ್ತದೆ. ಅದಕ್ಕೇ ಸಹ್ಯಾದ್ರಿಯ ಬೆಟ್ಟಗಳು ದೂರದಿಂದ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು. ಟ್ರ್ಯಾಪ್ ಅನ್ನುವ ಹೆಸರೂ ಮೆಟ್ಟಿಲು ಅನ್ನುವ ಅರ್ಥದ ಸ್ವೀಡಿಷ್ ಮಾತಿನಿಂದಲೇ ಬಂದದ್ದು. ಇಲ್ಲಿ ಇಷ್ಟೊಂದು ಗಡಗಳು, ಅಂದರೆ ಬೆಟ್ಟದ ಕೋಟೆಗಳು, ಯಾಕಿವೆ ಅಂತ ಕೇಳಿದರೂ ಇದೇ ಉತ್ತರ. ಮೇಲಿನ ಪದರದ ಸುತ್ತ ಕಡಿದಾದ ಗೋಡೆಯನ್ನು ಲಾವಾನೇ ಕಟ್ಟಿಕೊಟ್ಟಿತ್ತು. ರಾಜರು ಬಾಗಿಲು, ಬುರುಜು ಕೂಡಿಸಿದರು ಅಷ್ಟೇ. ಸುಮ್ನೆ ಅತಿಶಯ ಮಾಡುತ್ತಿದ್ದೇನೆ ಅನಿಸಿದರೆ ಹೋಗಿ ನೋಡಿ!

ನಿಮಗೆ ನನ್ನ ಸಲಹೆ ಭಾಜೆ ಮತ್ತು ಲೋಹಗಡ. ಬೇರೆ ಏನೂ ನೋಡದಿದ್ದರೂ ಇದೊಂದನ್ನು ನೋಡಿ. ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿಯಬೇಕು. ಅಲ್ಲಿಂದ ಎಕ್ಸ್‌ಪ್ರೆಸ್‌ವೇ ದಾಟಿ ನಡೆದರೆ ಭಾಜೆ ಊರು. ಊರಿನ ಮೇಲೆಯೇ ಗುಹೆಗಳು. ಮೆಟ್ಟಿಲುಗಳಿವೆ, ನಿಧಾನಕ್ಕೆ ಹತ್ತಿದರೆ ಅತ್ತೆ ಮಾವನಿಗೂ ಆಗುತ್ತದೆ. 22 ಗುಹೆಗಳು, ಅವುಗಳಲ್ಲಿ ಹಳೆಯವು ಕ್ರಿಸ್ತಪೂರ್ವ 2ನೇ ಶತಮಾನದವು. ದೊಡ್ಡ ಚೈತ್ಯದಲ್ಲಿ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದಲ್ಲಿ, ಕಂಬಗಳು ಸ್ವಲ್ಪ ಒಳಕ್ಕೆ ವಾಲಿಕೊಂಡಿವೆ, ಗಮನಿಸಿ. ಕಲ್ಲಿಗೆ ಆ ಆಸರೆ ಬೇಕಿರಲಿಲ್ಲ. ಮರದಲ್ಲಿ ಕಟ್ಟುವ ಅಭ್ಯಾಸ ಕೈಯಲ್ಲಿ ಉಳಿದಿತ್ತು, ಕಲ್ಲಿನಲ್ಲೂ ಹಾಗೇ ಕಡೆದರು. ಮೇಲೆ ಕಮಾನಿನಲ್ಲಿ ಮರದ ತೊಲೆಗಳೂ ಇವೆ. ಹೊರಗೆ ಒಂದು ಕಡೆ ಚಿಕ್ಕ ದೊಡ್ಡ ಸ್ತೂಪಗಳು ಗುಂಪಾಗಿ ನಿಂತಿವೆ. ನನಗೆ ಚೈತ್ಯಕ್ಕಿಂತ ಆ ಗುಂಪೇ ಇಷ್ಟ.

ಕೈಯಿಂದ ಗೋಡೆ ಮುಟ್ಟಿ ನೋಡಿ, ಆದರೆ ಕೆತ್ತನೆ ಮುಟ್ಟಬೇಡಿ. ಇಷ್ಟು ದೊಡ್ಡ ಕೋಣೆ ಕಡೆಯಬೇಕಾದರೆ ಬಿರುಕಿಲ್ಲದ ದಪ್ಪ ಪದರ ಬೇಕು. ಅಂಥ ಪದರ ಎಲ್ಲಿದೆ ಅಂತ ಆ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಭಾಜೆಯಿಂದ ಲೋಹಗಡವಾಡಿಗೆ ಏರುವ ರಸ್ತೆ ಇದೆ. ನೀವು, ಮಗಳು ನಡೆಯಿರಿ. ಹಿರಿಯರಿಗೆ ವಾಹನ ಮಾಡಿಕೊಡಿ, ಲೋಣಾವಳದ ಕಡೆಯಿಂದ ಆಟೊ, ಜೀಪು ಸಿಗುತ್ತವೆ. ಲೋಹಗಡವಾಡಿಯಿಂದ ಮೇಲಕ್ಕೆ ಪೂರ್ತಿ ಕಲ್ಲಿನ ಮೆಟ್ಟಿಲು. ಗಣೇಶ, ನಾರಾಯಣ, ಹನುಮಾನ್, ಮಹಾ ದರವಾಜಾ ಅಂತ ನಾಲ್ಕು ಬಾಗಿಲು ದಾಟಿ ಮೇಲೆ ಬರುತ್ತೀರಿ. ಕೋಟೆಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1,030 ಮೀಟರ್. ಆದರೆ ನೀವು ಹತ್ತುವುದು ಅದರಲ್ಲಿ ಕೊನೆಯ ಒಂದು ತುಣುಕು ಮಾತ್ರ, ಹೆದರಬೇಡಿ. ಮೇಲೆ ಹೋದ ಮೇಲೆ ಪಶ್ಚಿಮಕ್ಕೆ ಕಿರಿದಾಗಿ ಚಾಚಿದ ಬಂಡೆಯ ಬಾಲ ಕಾಣುತ್ತದೆ. ಅದನ್ನು ವಿಂಚೂಕಾಟಾ, ಅಂದರೆ ಚೇಳಿನ ಕೊಂಡಿ, ಅನ್ನುತ್ತಾರೆ. ಎರಡೂ ಕಡೆ ಸವೆದು ಹೋಗಿ ನಡುವೆ ಗಟ್ಟಿ ಲಾವಾ ಮಾತ್ರ ಉಳಿದ ಗೋಡೆ ಅದು. ಮಕ್ಕಳನ್ನು ಅದರ ಬುಡದವರೆಗೆ ಕರೆದುಕೊಂಡು ಹೋಗಿ ನಿಲ್ಲಿಸಿ, ಅಷ್ಟು ಸಾಕು. ಅಂಚಿಗೆ ಬೇಡ. 2025ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಇದೂ ಒಂದು. ಅದಾದ ಮೇಲೆ ಜನ ಇನ್ನೂ ಜಾಸ್ತಿ.

ಯಾವಾಗ ಹೋಗಬೇಕು ಅನ್ನುವುದು ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಮುಖ್ಯ. ನಾನು ಎರಡು ತಪ್ಪು ಮಾಡಿದ್ದೇನೆ. ಅಪ್ಪನನ್ನು ಕರೆದುಕೊಂಡು ಹೋದದ್ದು ಏಪ್ರಿಲ್‌ನಲ್ಲಿ, ಮೇಲೆ ತಲುಪಿದಾಗ ಹನ್ನೊಂದೂವರೆ. ಕರಿಕಲ್ಲು ಕಾದರೆ ಹೆಂಚಿನ ಹಾಗೆ. ನೆರಳು ಅಂತ ಒಂದು ಗಿಡ ಇಲ್ಲ. ಇಳಿಯುವಷ್ಟರಲ್ಲಿ ನೀರು ಖಾಲಿ, ಅಪ್ಪನ ಮುಖ ಕೆಂಪಗೆ. ಇನ್ನೊಂದು ಸಲ ಜುಲೈ ತಿಂಗಳ ಭಾನುವಾರ ಗೆಳೆಯರ ಜೊತೆ ಹೋದೆ. ಮೆಟ್ಟಿಲ ಮೇಲೆ ನೀರು, ಪಾಚಿ, ಸಾವಿರಾರು ಜನ. ಆಫೀಸಿಗೆ ಹಾಕುವ ಸವೆದ ಶೂನಲ್ಲಿದ್ದೆ. ಇಳಿಯುವಾಗ ಜಾರಿ ಕೂತವನು ಮೂರು ಮೆಟ್ಟಿಲು ಹಾಗೇ ಇಳಿದೆ. ಹದಿನೈದು ದಿನ ಕುರ್ಚಿ ಮೇಲೆ ದಿಂಬು. ತಪ್ಪು ನನ್ನದೇ. ನುಣುಪಾದ ಬಸಾಲ್ಟ್ ಮೇಲೆ ಪಾಚಿ ಕಟ್ಟಿದರೆ ಸಾಬೂನು ಹಚ್ಚಿದಷ್ಟೇ ಜಾರುತ್ತದೆ. ಹಾಗಾಗಿ ನಿಮ್ಮಂಥ ಕುಟುಂಬಕ್ಕೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಸರಿ. ವಾರದ ದಿನ ರಜೆ ಸಿಕ್ಕರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲೇ ಹೋಗಬೇಕು ಅಂದರೆ ಜಿಲ್ಲಾಡಳಿತ ನಿರ್ಬಂಧ ಹಾಕಿದೆಯಾ ಅಂತ ಮೊದಲು ನೋಡಿ.

ಲೋಹಗಡಕ್ಕೆ ಮುಂಚೆ ಅಭ್ಯಾಸಕ್ಕೆ ಅಂತ ಒಂದು ಬೆಳಿಗ್ಗೆ ವೇತಾಳ ಟೇಕಡಿಗೆ ಹೋಗಿ. ಪುಣೆ ಊರೊಳಗೇ ಇರುವ ಗುಡ್ಡ. ಎಆರ್‌ಎಐ (ವಾಹನ ಸಂಶೋಧನಾ ಸಂಸ್ಥೆ) ಕಡೆಯಿಂದ ಹತ್ತಿದರೆ ಏರು ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಮೇಲೆ ಹಳೆಯ ಕಲ್ಲುಗಣಿ ಇದೆ. ಕಲ್ಲು ಕಡಿದ ಗೋಡೆ ಬಿಚ್ಚಿಕೊಂಡಿರುವುದರಿಂದ ಲಾವಾದ ಒಳಗು ನೋಡಲು ಇದಕ್ಕಿಂತ ಸುಲಭದ ಜಾಗ ಇಲ್ಲ. ಕಲ್ಲಿನ ತೂತುಗಳಲ್ಲಿ ಬಿಳಿಯದು ಏನಾದರೂ ತುಂಬಿಕೊಂಡಿದ್ದು ಕಂಡರೆ ಅದು ಹೆಚ್ಚಾಗಿ ಜಿಯೊಲೈಟ್ ಜಾತಿಯ ಹರಳು. ಲಾವಾ ಆರಿದ ಎಷ್ಟೋ ಕಾಲದ ಮೇಲೆ ಬಿಸಿನೀರು ಒಳಗೆ ಹರಿದು, ಗುಳ್ಳೆಗಳಲ್ಲಿ ಬಿಟ್ಟುಹೋದದ್ದು. ಪುಣೆಯ ಪಕ್ಕದ ವಾಘೋಲಿಯ ಗಣಿಗಳಲ್ಲಿ ಸಿಗುವ ಕವಾನ್ಸೈಟ್ ಅನ್ನುವ ಕಡುನೀಲಿ ಹರಳಿಗೆ ಜಗತ್ತಿನಾದ್ಯಂತ ಸಂಗ್ರಾಹಕರು ಕಾಯುತ್ತಾರೆ. ಹಾಗಂತ ಮಗಳ ಕೈಗೆ ಸುತ್ತಿಗೆ ಕೊಡಬೇಡಿ! ಗಣಿಯ ಅಂಚಿನಿಂದಲೂ ದೂರ ಇರಿ.

ಘಾಟ್ ರಸ್ತೆಯಲ್ಲಿ ಹೋಗುವಾಗ ಆಟ ಒಂದಿದೆ. ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಕಪ್ಪು ಕಲ್ಲಿನ ನಡುವೆ ಇಟ್ಟಿಗೆ ಬಣ್ಣದ ಕೆಂಪು ಪಟ್ಟಿ ಯಾರಿಗೆ ಮೊದಲು ಕಾಣುತ್ತದೆ ಅಂತ. ಒಂದು ಹರಿವು ಆರಿ, ಮುಂದಿನದು ಬರುವುದರೊಳಗೆ ಅದರ ಮೇಲ್ಮೈ ಸವೆದು ಮಣ್ಣಾಗಿರುತ್ತದೆ. ಮೇಲೆ ಹೊಸ ಲಾವಾ ಬಂದು ಮುಚ್ಚಿಬಿಡುತ್ತದೆ. ಆ ಕೆಂಪು ಪಟ್ಟಿ ಅಂದರೆ ನಡುವಿನ ಬಿಡುವು. ಮುಂಬೈಯ ವರ್ಳಿಯಲ್ಲಿ ಅಂಥ ಒಂದು ಬಿಡುವಿನಲ್ಲಿ ಕೆಸರು ತುಂಬಿದ ಕೆರೆಯೇ ಇತ್ತು. ಆ ಪದರದಲ್ಲಿ ಚಿಕ್ಕ ಚಿಕ್ಕ ಕಪ್ಪೆಗಳ ಪಳೆಯುಳಿಕೆ ಸಿಕ್ಕಿವೆ. ನನ್ನ ಅಕ್ಕನ ಮಗನಿಗೆ ಡೈನೋಸಾರ್ ಕಥೆಗಿಂತ ಈ ಕಪ್ಪೆ ಕಥೆಯೇ ಹಿಡಿಸಿತು. (ಡೈನೋಸಾರ್ ಕೇಳಿದರೆ, ಅವು ಅಳಿದದ್ದೂ ಹೆಚ್ಚುಕಡಿಮೆ ಇದೇ ಕಾಲ. ಮೆಕ್ಸಿಕೊದಲ್ಲಿ ಬಿದ್ದ ಆಕಾಶಕಲ್ಲು ಮುಖ್ಯ ಕಾರಣ ಅಂತ ಹೆಚ್ಚಿನವರ ಮಾತು. ನಮ್ಮ ಲಾವಾದ ಪಾಲೆಷ್ಟು ಅನ್ನುವ ಜಗಳ ಮುಗಿದಿಲ್ಲ.)

ಸಿಂಹಗಡ ಎಲ್ಲರೂ ಹೇಳುತ್ತಾರೆ, ನಾನೂ ಹೇಳಬೇಕು. ಆತಕರವಾಡಿಯಿಂದ ನಡೆದು ಹತ್ತುವುದು ಲೋಹಗಡಕ್ಕಿಂತ ಕಷ್ಟ, ಮೊಣಕಾಲು ಕೇಳುತ್ತದೆ. ಕಾರು ಮೇಲಿನವರೆಗೂ ಹೋಗುತ್ತದೆ. ಕಲ್ಲಿಗಿಂತ ಹೆಚ್ಚಾಗಿ ಪಿಠಲ-ಭಾಕರಿ ಮತ್ತು ಮಡಕೆಯ ಮೊಸರಿಗೆ ನಾನು ಅಲ್ಲಿಗೆ ಹೋಗುವುದು. ನಮ್ಮ ಝುಣಕ-ರೊಟ್ಟಿಯ ತಮ್ಮ ಅದು, ಊರು ನೆನಪಾದಾಗ ಹೋಗುತ್ತೇನೆ.

ಮುಂಬೈಗೆ ಹೋಗುವುದಿದ್ದರೆ ಬೋರಿವಲಿಯ ಸಂಜಯ್ ಗಾಂಧಿ ಉದ್ಯಾನದೊಳಗಿನ ಕನ್ಹೇರಿ. ಹೆಸರು ಬಂದದ್ದು ಕೃಷ್ಣಗಿರಿಯಿಂದ, ಕಪ್ಪು ಬೆಟ್ಟ. ನೂರಕ್ಕೂ ಹೆಚ್ಚು ಗುಹೆಗಳು. ಇಲ್ಲಿನ ಕಲ್ಲು ಭಾಜೆಯದಲ್ಲ, ಜ್ವಾಲಾಮುಖಿಯ ಚೂರುಗಳೇ ಸೇರಿ ಬೆಸೆದುಕೊಂಡದ್ದು. ಹತ್ತಿರದಿಂದ ನೋಡಿದರೆ ಒಳಗೆ ಕಲ್ಲಿನ ತುಂಡುಗಳು ಕಾಣುತ್ತವೆ. ಬಹುಪಾಲು ಗುಹೆಗಳ ಪಕ್ಕ ಮಳೆನೀರಿನ ತೊಟ್ಟಿ, ಬಂಡೆಯಲ್ಲೇ ಕೊರೆದ ಕಾಲುವೆಗಳು. ಗೇಟಿನಿಂದ ಗುಹೆವರೆಗೆ ದೂರ ಇದೆ, ಒಳಗೆ ಬಸ್ ಸಿಗುತ್ತದೆ. ಸೋಮವಾರ ಉದ್ಯಾನಕ್ಕೆ ರಜೆ. ಅಂಧೇರಿಯ ಗಿಲ್ಬರ್ಟ್ ಹಿಲ್ ನಡಿಗೆಯಲ್ಲ, ಅರ್ಧ ಗಂಟೆಯ ಕೆಲಸ. 61 ಮೀಟರ್ ಎತ್ತರದ ಕಂಬದಂಥ ಕರಿಬಂಡೆ, ಸುತ್ತ ಮನೆಗಳು, ಮೇಲೆ ಗಾಂವದೇವಿ ಗುಡಿ. ನೆಟ್ಟಗೆ ನಿಂತ ಕಲ್ಲಿನ ಕಂಬಗಳನ್ನು ನೋಡಿದರೆ ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪ ನೆನಪಾಗುತ್ತದೆ. ಆದರೆ ಅದು ಬೇರೆ ಲಾವಾ, ಇದಕ್ಕಿಂತ ಹಳೆಯದು.

ಮಾವನಿಗೆ ಹತ್ತುವುದೇ ಆಗದು ಅಂದರೆ ಪುಣೆಯ ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರಕ್ಕೆ ಕರೆದೊಯ್ಯಿರಿ. ಅಲ್ಲಿ ಲಾವಾಕ್ಕೆ ಇಳಿದು ಹೋಗಬೇಕು, ಏರುವುದಿಲ್ಲ. ಒಂದೇ ಬಂಡೆಯಲ್ಲಿ ಕಡೆದ ಗುಡಿ, ದುಂಡನೆಯ ನಂದಿಮಂಟಪ, ತಂಪು.

ಮಳವಲಿಯಿಂದ ವಾಪಸ್ ಬರುವಾಗ ನೆನಪಿಡಿ, ಮಧ್ಯಾಹ್ನ ಲೋಕಲ್ ಕಡಿಮೆ. ವೇಳೆ ನೋಡಿಕೊಂಡೇ ಗಡ ಇಳಿಯಿರಿ. ತಲೆಗೆ ಎರಡು ಲೀಟರ್ ನೀರು. ಬುತ್ತಿಯನ್ನು ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆಯಿರಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಮೆಟ್ಟಿಲು ಹತ್ತಬೇಡಿ. ಹನುಮಾನ್ ದರವಾಜಾದ ಹತ್ತಿರ ಮಂಗಗಳು ಕಾಯುತ್ತಾ ಕೂತಿರುತ್ತವೆ. ನಮ್ಮ ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಯ ಡಬ್ಬಿ ಅಲ್ಲಿಯೇ ಹೋಯಿತು. ಕಿತ್ತುಕೊಂಡ ಮಂಗ ಮುಚ್ಚಳ ತೆಗೆದು, ಒಮ್ಮೆ ಮೂಸಿ, ಖಾರಕ್ಕೆ ಹೆದರಿ ಕಣಿವೆಗೆ ಎಸೆದುಬಿಟ್ಟಿತು.