ಐದು ದಿನಕ್ಕೆ ನಾಲ್ಕು ಊರು ಯಾಕೆ? ಅಮೆರಿಕ ಪ್ರವಾಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ. ಮೇ ತಿಂಗಳಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಐದೇ ದಿನದ ಬಸ್ ಟೂರಿನಲ್ಲಿ ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರ, ಬೋಸ್ಟನ್ ಎಲ್ಲಾ ತೋರಿಸುತ್ತಾರಂತೆ. ನಮಗೆ ಹಳೇ ಬೀದಿ, ಹಳೇ ಕಟ್ಟಡ ಇಷ್ಟ. ಈ ಟೂರಿಗೆ ಸೇರಬಹುದಾ?
– ಓದುಗ ದಂಪತಿ, ತಿಪಟೂರು

ಉತ್ತರ: ಸೇರಬಹುದು, ಆದರೆ ಜಾಸ್ತಿ ಹೊತ್ತು ನೋಡುವುದು ಬಸ್ಸಿನ ಕಿಟಕಿಯನ್ನೇ. ನ್ಯೂಯಾರ್ಕಿನಿಂದ ನಯಾಗರಕ್ಕೇ ಆರುನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಜಲಪಾತ ನೋಡಲೇಬೇಕು ಅಂತಿದ್ದರೆ ಅದಕ್ಕೇ ಬೇರೆಯಾಗಿ ಹೋಗಿ.

ನಿಮ್ಮ ಆಸೆಗೆ ಹೊಂದುವ ಊರು ಆ ಪಟ್ಟಿಯಲ್ಲೇ ಇಲ್ಲ ನೋಡಿ. ಅದು ಫಿಲಡೆಲ್ಫಿಯಾ. ಎಡಿಸನ್‌ನಿಂದ ಟ್ರೆಂಟನ್‌ಗೆ ಒಂದು ರೈಲು, ಅಲ್ಲಿಂದ ಇನ್ನೊಂದು ರೈಲು, ಅಷ್ಟೇ. ಮಗ ರಜೆ ಹಾಕಬೇಕಾಗಿಯೂ ಇಲ್ಲ. 1776ರಲ್ಲಿ ಸ್ವಾತಂತ್ರ್ಯ ಘೋಷಣೆ ಒಪ್ಪಿದ್ದು, 1787ರಲ್ಲಿ ಸಂವಿಧಾನ ಬರೆದದ್ದು, ಎರಡೂ ಇಲ್ಲಿನ ಇಂಡಿಪೆಂಡೆನ್ಸ್ ಹಾಲ್‌ನ ಒಂದೇ ಕೋಣೆಯಲ್ಲಿ. ಕೋಣೆ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ, ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಮರದ ಕುರ್ಚಿಗಳು, ಮುಂದೆ ನಿಂತು ಕಥೆ ಹೇಳುವ ರೇಂಜರ್, ಅಂದರೆ ಆ ಜಾಗ ನೋಡಿಕೊಳ್ಳುವ ಸರ್ಕಾರಿ ಸಿಬ್ಬಂದಿ. ನನಗೆ ಅದೇ ಇಷ್ಟ. ಆನ್‌ಲೈನಿನಲ್ಲಿ ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ, ಸುಮ್ನೆ ಹೋಗಿ ನಿಂತರೆ ಒಳಗೆ ಬಿಡದೇ ಇರಬಹುದು. ಎದುರಿಗೇ ಲಿಬರ್ಟಿ ಬೆಲ್ ಇದೆ, ಅದಕ್ಕೆ ಟಿಕೆಟ್ ಇಲ್ಲ. ಲಂಡನ್ನಿನಲ್ಲಿ ಎರಕ ಹೊಯ್ದು 1752ರಲ್ಲಿ ತಂದ ಗಂಟೆ. ಮೊದಲ ಸಲ ಬಾರಿಸಿದಾಗಲೇ ಸೀಳಿತು! ಅದನ್ನೇ ಕರಗಿಸಿ ಸ್ಥಳೀಯರು ಮತ್ತೆ ಎರಕ ಹೊಯ್ದರು, ಅದೂ ಮುಂದೆ ಸೀಳಿತು. ಈಗ ಜನ ಫೋಟೋ ತೆಗೆಸಿಕೊಳ್ಳುವುದು ಆ ಸೀಳಿನ ಜೊತೆಗೇ.

ಅಲ್ಲಿಂದ ನಡೆದೇ ಎಲ್ಫ್ರೆತ್ಸ್ ಆಲಿಗೆ ಹೋಗಬಹುದು. ಕಲ್ಲು ಹಾಸಿದ ಸಣ್ಣ ಗಲ್ಲಿ, 18ನೇ ಶತಮಾನದ ಇಟ್ಟಿಗೆ ಮನೆಗಳು, ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ, ಹಾಗಾಗಿ ಕಿಟಕಿಯಲ್ಲಿ ಇಣುಕಬೇಡಿ. ಹಸಿವಾದರೆ ರೆಡಿಂಗ್ ಟರ್ಮಿನಲ್ ಮಾರ್ಕೆಟ್. 1893ರಿಂದ ನಡೆಯುತ್ತಿದೆ, ಹಳೇ ರೈಲು ನಿಲ್ದಾಣದ ಕೆಳಗೆ. ಬಿಸಿ ಪ್ರೆಟ್ಜೆಲ್ ಕೊಳ್ಳಿ, ಬೆಣ್ಣೆ ಸವರಿ ಕೊಡುತ್ತಾರೆ. ಊರಿಗೆ ಹೆಸರು ತಂದ ಚೀಸ್‌ಸ್ಟೇಕ್ ದನದ ಮಾಂಸದ್ದು, ತಿನ್ನದವರು ನೋಡಿಕೊಳ್ಳಿ. ಭಾನುವಾರ ಆಮಿಶ್ ಜನರ (ಹಳೇ ಕಾಲದ ಸರಳ ಬದುಕು ಬಿಡದ ಕ್ರೈಸ್ತ ಪಂಗಡ) ಅಂಗಡಿಗಳು ಬಾಗಿಲು ಹಾಕಿರುತ್ತವೆ, ಅವಿಲ್ಲದೆ ಆ ಮಾರ್ಕೆಟ್ಟಿಗೆ ಅರ್ಧ ಕಳೆ. ಇನ್ನು ದೋಸೆ ಹುಡುಕಿಕೊಂಡು ಅಲ್ಲಿ ಅಲೆಯಬೇಡಿ, ನಿಮ್ಮ ಮಗನ ಊರಿನ ಓಕ್ ಟ್ರೀ ರೋಡಿನಲ್ಲೇ ಬೇಕಾದಷ್ಟು ಸಿಗುತ್ತದೆ.

ಇನ್ನೆರಡು ದಿನ ಉಳಿದರೆ ಬೋಸ್ಟನ್. ಅಲ್ಲಿ ಫ್ರೀಡಂ ಟ್ರೇಲ್ ಅಂತ ನೆಲದ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ಅದರ ಮೇಲೆ ಸುಮಾರು 4 ಕಿ.ಮೀ. ನಡೆದರೆ 16 ಐತಿಹಾಸಿಕ ಜಾಗಗಳು ಸಿಗುತ್ತವೆ, ಯಾರನ್ನೂ ದಾರಿ ಕೇಳಬೇಕಾಗಿಲ್ಲ.

ಪ್ರಶ್ನೆ: ಮಗಳಿಗೆ ನಮ್ಮ ತೋಟದ ಮಾವಿನಹಣ್ಣು ಒಯ್ಯಬಹುದೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಬೇಡ. ಪ್ರಯಾಣಿಕರ ಬ್ಯಾಗಿನಲ್ಲಿ ಬಂದ ಹಣ್ಣನ್ನು ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಬೇರೆ. ಹಸಿ ಕರಿಬೇವಿಗೂ ಇದೇ ಗತಿ. 2007ರಿಂದ ನಮ್ಮ ದೇಶದ ಮಾವು ಅಲ್ಲಿಗೆ ಹೋಗುತ್ತಿರುವುದು ನಿಜ, ಆದರೆ ವಿಕಿರಣ ಹಾಯಿಸಿ, ತಪಾಸಣೆ ಮುಗಿಸಿ. ಮಗಳನ್ನೇ ಮುಂದಿನ ವರ್ಷ ಮೇನಲ್ಲಿ ಕರೆಸಿಕೊಳ್ಳಿ.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿರುವ ತಂಗಿ ನ್ಯೂ ಆರ್ಲಿಯನ್ಸ್‌ಗೆ ಕರೆದೊಯ್ಯುತ್ತಾಳಂತೆ. ಬರೀ ಕುಡಿತ, ಗದ್ದಲ ಅಂತ ಕೇಳಿದ್ದೇನೆ. ನಾವು ಸಸ್ಯಾಹಾರಿಗಳು. ಹೋಗುವುದು ದಂಡ ಅಲ್ವಾ?
– ಓದುಗರು, ಚಿಂತಾಮಣಿ

ಉತ್ತರ: ಗದ್ದಲವೆಲ್ಲ ಬೌರ್ಬನ್ ಸ್ಟ್ರೀಟಿನಲ್ಲಿ, ಅದೂ ರಾತ್ರಿ. ಬೆಳಗ್ಗೆ ಎಂಟಕ್ಕೆ ಊರಿನ ಹಳೇ ಬಡಾವಣೆಯಾದ ಫ್ರೆಂಚ್ ಕ್ವಾರ್ಟರ್‌ನಲ್ಲಿ ನಡೆದು ನೋಡಿ. ಹೆಸರು ಫ್ರೆಂಚ್ ಆದರೂ 1788 ಮತ್ತು 1794ರ ಬೆಂಕಿಯಲ್ಲಿ ಹಳೇ ಊರು ಬಹುಪಾಲು ಸುಟ್ಟುಹೋಯಿತು. ಆಗ ಆಳುತ್ತಿದ್ದವರು ಸ್ಪೇನಿನವರು. ಹಾಗಾಗಿ ನಡುವೆ ಅಂಗಳ ಬಿಟ್ಟು ಕಟ್ಟಿದ ಮನೆಗಳು, ಹೆಚ್ಚೂಕಡಿಮೆ ನಮ್ಮ ತೊಟ್ಟಿ ಮನೆಯ ಹಾಗೆ.

ಕಾಫಿ ಕುಡಿಯುವವರಾದರೆ ನಿಮಗೆ ಅಮೆರಿಕದಲ್ಲಿ ಇದಕ್ಕಿಂತ ಒಳ್ಳೆಯ ಊರು ಸಿಗಲಾರದು. ಇಲ್ಲಿನವರೂ ನಮ್ಮಂತೆ ಚಿಕೋರಿ ಬೆರೆಸುತ್ತಾರೆ! ಫ್ರೆಂಚರಿಂದ ಬಂದ ಅಭ್ಯಾಸ. 1861ರಿಂದ 65ರ ಅಂತರ್ಯುದ್ಧದಲ್ಲಿ ಬಂದರಿಗೆ ಹಡಗು ಬರದೆ ಕಾಫಿಗೆ ಬರ ಬಂದಾಗ ಇನ್ನೂ ಗಟ್ಟಿಯಾಯಿತು. ಯುದ್ಧ ಮುಗಿದರೂ ನಾಲಿಗೆ ಬಿಡಲಿಲ್ಲ. 1862ರ ಕೆಫೆ ಡು ಮಾಂಡ್‌ನಲ್ಲಿ ಬಿಸಿ ಹಾಲು ಹಾಕಿದ ಆ ಕಾಫಿಯ ಜೊತೆ ಬೆನ್ಯೇ ತೊಗೊಳ್ಳಿ, ಕರಿದ ಹಿಟ್ಟಿನ ತಿಂಡಿ, ಮೇಲೆ ಸಕ್ಕರೆ ಪುಡಿಯ ರಾಶಿ. ತಿನ್ನುವಾಗ ಉಸಿರು ಬಿಟ್ಟರೆ ಸೀರೆಯೆಲ್ಲಾ ಬಿಳಿ. ಮೊಟ್ಟೆಯೂ ಬೇಡ ಅನ್ನುವವರು ಮೊದಲು ಕೇಳಿಕೊಳ್ಳಿ.

ಊಟದ ವಿಷಯದಲ್ಲಿ ಹುಷಾರು. ಗಂಬೋ ಅನ್ನುವ ಇಲ್ಲಿನ ಗಟ್ಟಿ ಸಾರಿನಲ್ಲಿ ಬೆಂಡೆಕಾಯಿ ಇದೆ ಅಂತ ನಂಬಬೇಡಿ, ಸಾರು ಕೋಳಿಯದೋ ಸಿಗಡಿಯದೋ ಇರುತ್ತದೆ. ಇಲ್ಲಿನವರು ಸೋಮವಾರ ಮಾಡುವ ಕೆಂಪು ಕಾಳು-ಅನ್ನ ನೋಡಿದರೆ ನಮ್ಮದೇ ಅನ್ನಿಸುತ್ತದೆ, ಅದರಲ್ಲೂ ಸಾಮಾನ್ಯವಾಗಿ ಹಂದಿ ಮಾಂಸ. 1835ರಿಂದ ಓಡುತ್ತಿರುವ ಸೇಂಟ್ ಚಾರ್ಲ್ಸ್ ಟ್ರಾಮಿನಲ್ಲಿ ಒಮ್ಮೆ ಪೂರ್ತಿ ಹೋಗಿಬನ್ನಿ. ಬೇಸಿಗೆ ಬೇಡ, ಸೆಕೆ ವಿಪರೀತ, ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ ಬೇರೆ. ಫೆಬ್ರವರಿ ಚೆನ್ನ, ಆದರೆ ಜನಜಂಗುಳಿಯ ಮಾರ್ಡಿ ಗ್ರಾ ಹಬ್ಬದ ದಿನ ನೋಡಿಕೊಂಡು ರೂಮು ಹಿಡಿಯಿರಿ.

ಪ್ರಶ್ನೆ: ಹೋಟೆಲಿನಲ್ಲಿ ಟಿಪ್ಸ್ ಕೊಡಲೇಬೇಕಾ?
– ಓದುಗರು, ತುಮಕೂರು

ಉತ್ತರ: ಕುಳಿತು ಊಟ ಮಾಡಿದರೆ ಕೊಡಿ, ಬಿಲ್ಲಿನ ಶೇ. 15ರಿಂದ 20. ಅಲ್ಲಿ ಬಡಿಸುವವರ ದುಡಿಮೆ ಬಹುತೇಕ ಇದರಿಂದಲೇ. ಕೌಂಟರಿನಲ್ಲಿ ತೆಗೆದುಕೊಂಡರೆ ನಿಮ್ಮಿಷ್ಟ. ಮೆನುವಿನ ಬೆಲೆಗೆ ತೆರಿಗೆ ಆಮೇಲೆ ಸೇರುತ್ತದೆ, ದೊಡ್ಡ ಗುಂಪಾದರೆ ಟಿಪ್ಸ್ ಕೂಡ ಮೊದಲೇ ಸೇರಿಸಿರಬಹುದು. ಬಿಲ್ ಓದಿಯೇ ಕಾರ್ಡ್ ಕೊಡಿ.