ಎಂಟನೇ ಕ್ಲಾಸ್ ಮಗಳ ಆರ್ಕಿಟೆಕ್ಚರ್ ಸ್ಪರ್ಧೆ: ದುಡ್ಡು ಕೊಟ್ಟು ಮಾಡೆಲ್ ಮಾಡಿಸಬೇಕಾ?

ನೀವು ಕೇಳಿರೋದು ಇಷ್ಟು ಅಲ್ವಾ: ತುಮಕೂರಲ್ಲಿ ಎಂಟನೇ ಕ್ಲಾಸ್ ಓದುವ ಮಗಳು, ಮೂರು ಜನರ ತಂಡ, ಥರ್ಟಿ ಫಾರ್ಟಿ ಸೈಟಿನಲ್ಲಿ ಮಕ್ಕಳಿಗೊಂದು ಪುಟ್ಟ ಲೈಬ್ರರಿ ಡಿಸೈನ್ ಮಾಡಬೇಕು. ಎರಡು ಶೀಟ್ ಡ್ರಾಯಿಂಗ್, ಒಂದು ಮಾಡೆಲ್, ಐದು ನಿಮಿಷ ಮಾತು. ಮನೆಯಲ್ಲಿ ಯಾರಿಗೂ ಈ ವಿಷಯ ಗೊತ್ತಿಲ್ಲ. ಮಾಡೆಲ್ ಮಾಡಿಕೊಡೋರೊಬ್ಬರು ಆರು ಸಾವಿರ ಕೇಳುತ್ತಿದ್ದಾರೆ, ಕೊಡೋದಾ ಬೇಡ್ವಾ ಅಂತ.

ಕೊಡಬೇಡಿ.

ನಾನು ಮೈಸೂರಲ್ಲಿ ಆರ್ಕಿಟೆಕ್ಟ್. ಇಂಥ ಶಾಲಾ ಸ್ಪರ್ಧೆಗಳಿಗೆ ನಾಲ್ಕು ಸಲ ಜಡ್ಜ್ ಆಗಿ ಹೋಗಿದ್ದೇನೆ. ಒಂದು ಸಲ ಒಂದು ತಂಡ ತಂದ ಮಾಡೆಲ್ ನೋಡಿದರೆ ಬಿಲ್ಡರ್ ಆಫೀಸಿನ ಗಾಜಿನ ಪೆಟ್ಟಿಗೆಯಲ್ಲಿ ಇಡೋ ಹಾಗಿತ್ತು. ಒಳಗೆಲ್ಲ ಎಲ್‌ಇಡಿ ದೀಪ, ಹೊರಗೆ ಹಸಿರು ಹುಲ್ಲು, ಗೇಟಿನ ಹತ್ತಿರ ಪುಟಾಣಿ ಕಾರು. ಹುಡುಗನನ್ನು ಕೇಳಿದೆ, "ಮಳೆ ಬಂದ್ರೆ ಚಾವಣಿ ಮೇಲಿನ ನೀರು ಎಲ್ಲಿಗಪ್ಪಾ ಹೋಗುತ್ತೆ?" ಅವನು ಹಿಂದೆ ನಿಂತಿದ್ದ ಸರ್ ಮುಖ ನೋಡಿದ. ಪಕ್ಕದ ಟೇಬಲ್ಲಲ್ಲಿ ಮೂರು ಹುಡುಗಿಯರು ಚಪ್ಪಲಿ ಡಬ್ಬದ ರಟ್ಟಿನಲ್ಲಿ ಮಾಡಿದ್ದ ಮಾಡೆಲ್, ಒಂದು ಮೂಲೆ ಸೊಟ್ಟ. ಕಿಟಕಿ ಮಾತ್ರ ತೀರಾ ಕೆಳಗಿತ್ತು, ನೆಲದಿಂದ ಒಂದಡಿಯಷ್ಟೇ. ತಪ್ಪಾಗಿದೆ ಅಂದುಕೊಂಡು ಕೇಳಿದರೆ, "ಇಲ್ಲಿ ಚಿಕ್ಕ ಮಕ್ಕಳು ನೆಲದ ಮೇಲೆ ಕೂತು ಓದ್ತಾರೆ ಸರ್, ಕೂತಾಗ ಹೊರಗೆ ಕಾಣಬೇಕಲ್ವಾ" ಅಂದಳು ಒಬ್ಬಳು.

ಸುಳ್ಳು ಹೇಳಲ್ಲ, ಆ ಸಲ ಮೊದಲ ಬಹುಮಾನ ಎಲ್‌ಇಡಿಗೇ ಹೋಯಿತು. ಮೂವರು ಜಡ್ಜ್‌ಗಳಲ್ಲಿ ನಾನೊಬ್ಬನೇ ಬೇಡ ಅಂದಿದ್ದು. ಅಂದರೆ ದುಡ್ಡು ಕೊಟ್ಟು ಮಾಡಿಸಿದ್ದು ಗೆಲ್ಲೋದೇ ಇಲ್ಲ ಅಂತ ನಾನು ಗ್ಯಾರಂಟಿ ಕೊಡಲಾರೆ. ಆದರೆ ನೀವು ಆರು ಸಾವಿರ ಕೊಟ್ಟರೆ ನಿಮ್ಮ ಮಗಳಿಗೆ ಉಳಿಯೋದು ಆ ಪೆಟ್ಟಿಗೆ ಹೊತ್ತುಕೊಂಡು ಹೋಗೋ ಕೆಲಸ ಅಷ್ಟೇ.

ಸರಿ, ಮಾಡೋದು ಹೇಗೆ? ಮೊದಲು ಮಾಡೆಲ್ ಮರೆತುಬಿಡಿ. ಒಂದು ಟೇಪು, ಒಂದು ನೋಟ್‌ಬುಕ್ ಕೊಟ್ಟು ಮೂರೂ ಮಕ್ಕಳನ್ನ ಹೊರಗೆ ಕಳಿಸಿ. ನಿಮ್ಮ ಬೀದಿಯಲ್ಲೇ ಖಾಲಿ ಇರೋ ಒಂದು ಸೈಟನ್ನ ತಮ್ಮದು ಅಂದುಕೊಳ್ಳಲಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಐದಕ್ಕೆ ಅಲ್ಲಿ ಹತ್ತತ್ತು ನಿಮಿಷ ನಿಲ್ಲಲಿ: ಬಿಸಿಲು ಎಲ್ಲಿಂದ, ಗಾಳಿ ಎಲ್ಲಿಂದ, ಯಾವ ಕಡೆ ಗಾಡಿ ಸದ್ದು, ಮರ ಇದೆಯಾ. ಇದನ್ನ ಬರೆದುಕೊಂಡು ಬಂದರೆ ಅರ್ಧ ಡಿಸೈನ್ ಆದ ಹಾಗೆ.

ಆಮೇಲೆ ಅಳತೆ. ಮನೆ ಬಾಗಿಲು ಎಷ್ಟಗಲ, ಮೆಟ್ಟಿಲು ಎಷ್ಟೆತ್ತರ, ಅಜ್ಜಿ ಕೂರೋ ಜಗಲಿ ನೆಲದಿಂದ ಎಷ್ಟು ಇಂಚು, ಎರಡನೇ ಕ್ಲಾಸಿನ ಹುಡುಗ ಕೈ ಎತ್ತಿದರೆ ಎಷ್ಟನೇ ಶೆಲ್ಫಿನ ಪುಸ್ತಕ ಸಿಗುತ್ತೆ, ಎಲ್ಲ ಅಳೆಯಲಿ. ಬಾಗಿಲು ಸಾಮಾನ್ಯವಾಗಿ ಮೂರಡಿ ಅಗಲ, ಏಳಡಿ ಎತ್ತರ, ಮೆಟ್ಟಿಲು ಆರಿಂಚು ಎತ್ತರ ಅಂತ ನಾನೇ ಹೇಳಿಬಿಡಬಹುದು, ಆದರೆ ತಾವೇ ಅಳೆದಿದ್ದು ಮಕ್ಕಳಿಗೆ ಮರೆಯಲ್ಲ.

ಎಲ್ಲ ತಂಡಗಳೂ ತಪ್ಪು ಮಾಡೋ ಒಂದು ಜಾಗ ಇದೆ, ರ‍್ಯಾಂಪ್. ವೀಲ್‌ಚೇರ್ ಹೋಗಬೇಕು ಅಂತ ಟೀಚರ್ ಹೇಳಿರ್ತಾರೆ, ಮಕ್ಕಳು ಬಾಗಿಲ ಮುಂದೆ ನಾಲ್ಕಡಿಯ ಒಂದು ಜಾರುಬಂಡೆ ಬರೆದಿರ್ತಾರೆ. ನಿಯಮ ಏನಂದ್ರೆ ಒಂದಡಿ ಏರಬೇಕಾದರೆ ಕನಿಷ್ಠ ಹನ್ನೆರಡಡಿ ಉದ್ದ ಬೇಕು. ನಮ್ಮ ಕಡೆ ಮನೆಯ ನೆಲ ರಸ್ತೆಗಿಂತ ಒಂದೂವರೆ ಅಡಿ ಎತ್ತರ ಇರೋದು ಮಾಮೂಲು. ಲೆಕ್ಕ ಹಾಕಿ, ಹದಿನೆಂಟಡಿ ಆಯ್ತು! ನಿಮ್ಮ ಸೈಟೇ ಮೂವತ್ತಡಿ ಅಗಲ. ಈಗ ನಿಜವಾದ ತಲೆನೋವು ಶುರು. ರ‍್ಯಾಂಪನ್ನ ಮಡಚಬೇಕಾ, ಪಕ್ಕದ ಗೋಡೆಗುಂಟ ಒಯ್ಯಬೇಕಾ, ಇಲ್ಲ ನೆಲವನ್ನೇ ತಗ್ಗಿಸಬೇಕಾ, ತಗ್ಗಿಸಿದರೆ ಮಳೆ ನೀರು ಒಳಗೆ ಬರುತ್ತಾ? ಈ ಜಗಳವನ್ನ ಮೂರೂ ಜನ ಒಂದು ಸಂಜೆ ಪೂರ್ತಿ ಆಡಲಿ, ಮಧ್ಯೆ ಹೋಗಬೇಡಿ. ನಾವು ಆಫೀಸಲ್ಲಿ ದಿನಾ ಮಾಡೋದೂ ಇದನ್ನೇ.

ಬಿಸಿಲಿನ ವಿಷಯದಲ್ಲಿ ಇಂಟರ್ನೆಟ್ ನೋಡಿ ಮೋಸ ಹೋಗಬೇಡಿ. ಅಲ್ಲಿ ಜಾಸ್ತಿ ಸಿಗೋದು ಚಳಿ ದೇಶದವರು ಬರೆದಿದ್ದು, ದಕ್ಷಿಣಕ್ಕೆ ದೊಡ್ಡ ಗಾಜು ಇಡಿ ಅಂತ ಹೇಳ್ತಾರೆ. ಅವರಿಗೆ ಬಿಸಿಲು ಬೇಕು, ನಮಗೆ ಬೇಡ. ತುಮಕೂರು ಇರೋದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಲ್ಲಿ ಒಂದು ಸಲ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಅವೆರಡರ ನಡುವೆ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದಲೇ ಸ್ವಲ್ಪ ವಾಲಿರುತ್ತೆ. ಆದರೂ ತುಂಬಾ ಮೇಲಿಂದ ಬರೋದರಿಂದ ಒಂದು ಸಜ್ಜಾ ಹಾಕಿದರೆ ಸಾಕು. ಕಾಟ ಕೊಡೋದು ಪಶ್ಚಿಮ. ಆ ಕಡೆ ಪುಸ್ತಕದ ಕಪಾಟೋ ಟಾಯ್ಲೆಟ್ಟೋ ಹೋಗಲಿ, ಓದೋ ಜಾಗ ಉತ್ತರಕ್ಕೆ ಬರಲಿ. ಗಾಳಿ ಬೇಕು, ಬಿಸಿಲು ಬೇಡ ಅನ್ನೋ ಕಡೆ ಇಟ್ಟಿಗೆ ಜಾಲಿ, ಅಂದರೆ ನಡುನಡುವೆ ತೂತು ಬಿಟ್ಟು ಕಟ್ಟೋ ಗೋಡೆ, ಹಾಕಬಹುದು. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಅವರು ಕಟ್ಟಿದ ಮನೆಗಳ ಫೋಟೋ ತೋರಿಸಿ, ಹೇಳೋ ಅಗತ್ಯವೇ ಇರಲ್ಲ.

ಮಳೆ ನೀರಿಗೆ ಒಂದು ಸುಲಭ ಲೆಕ್ಕ: ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 75 ಚದರ ಮೀಟರ್ ಚಾವಣಿಗೆ 30 ಮಿಲಿಮೀಟರ್ ಮಳೆ ಬಂದರೆ 2,250 ಲೀಟರ್. ಇದನ್ನ ಶೀಟಿನ ಮೂಲೆಯಲ್ಲಿ ಬರೆದು ತೊಟ್ಟಿಯ ಜಾಗ ತೋರಿಸಿದರೆ ನಾನಂತೂ ಮಾರ್ಕ್ಸ್ ಕೊಡ್ತೀನಿ.

ಮಾಡೆಲ್‌ಗೆ 1:50 ಸ್ಕೇಲ್ ಸಾಕು, ಅಂದರೆ ನಿಜವಾದ ಅಳತೆಯ ಐವತ್ತರಲ್ಲಿ ಒಂದು ಭಾಗ. ನಿಮ್ಮ ಸೈಟು ಸುಮಾರು 18 ಸೆಂಟಿಮೀಟರ್ ಅಗಲ, 24 ಸೆಂಟಿಮೀಟರ್ ಉದ್ದ ಆಗುತ್ತೆ, ಎ3 ಹಾಳೆ ಮೇಲೆ ಆರಾಮಾಗಿ ಕೂರುತ್ತೆ. ದಪ್ಪ ರಟ್ಟು, ಹಳೇ ಲಗ್ನಪತ್ರಿಕೆ, ಪೊರಕೆ ಕಡ್ಡಿ, ಫೆವಿಕಾಲ್. ಥರ್ಮಾಕೋಲ್ ಬೇಡ, ಕತ್ತರಿಸಿದರೆ ಪುಡಿಪುಡಿ, ರಬ್ಬರ್ ಅಂಟು ತಾಗಿದರೆ ಕರಗಿಯೇ ಹೋಗುತ್ತೆ. ಮೂರು ಸೆಂಟಿಮೀಟರ್ ಎತ್ತರದ ಒಂದು ಮನುಷ್ಯನ ಆಕಾರ ಕತ್ತರಿಸಿ ಒಳಗೆ ನಿಲ್ಲಿಸಿ. ಬಾಗಿಲು ಚಿಕ್ಕದಾಯ್ತಾ, ಕಿಟಕಿ ಎತ್ತರ ಆಯ್ತಾ ಅಂತ ಅವನೇ ಹೇಳ್ತಾನೆ. ಕಟರ್ ಮಾತ್ರ ದೊಡ್ಡವರ ಕೈಯಲ್ಲಿರಲಿ, ಅಷ್ಟು ಸಹಾಯ ಮೋಸ ಅಲ್ಲ.

ಮಗಳ ಡ್ರಾಯಿಂಗ್ ಅಷ್ಟು ನೀಟಾಗಿಲ್ಲ ಅಂತಲೂ ಬರೆದಿದ್ದೀರಿ. 1981ರಲ್ಲಿ ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕಕ್ಕೆ ಸ್ಪರ್ಧೆ ನಡೆದಾಗ 1,421 ಡಿಸೈನ್ ಬಂದಿದ್ದವು. ಗೆದ್ದಿದ್ದು ಮಾಯಾ ಲಿನ್, ಇನ್ನೂ 21 ವರ್ಷದ ಕಾಲೇಜು ಹುಡುಗಿ. ಕಳಿಸಿದ್ದು ಪೇಸ್ಟಲ್‌ನಲ್ಲಿ ಮಾಡಿದ ಮಸುಕು ಚಿತ್ರ, ಜೊತೆಗೆ ಬರಹ. ಹೆಸರು ಮುಚ್ಚಿಟ್ಟು ನೋಡಿದ್ದರಿಂದ ಯಾರದ್ದು ಅಂತ ಜಡ್ಜ್‌ಗಳಿಗೆ ಗೊತ್ತೇ ಇರಲಿಲ್ಲ. ಆಕೆಗೂ ಐಡಿಯಾ ಹೊಳೆದಿದ್ದು ಆ ಜಾಗಕ್ಕೆ ಹೋಗಿ ನಿಂತಾಗಲೇ. ಮೊದಲ ಮಾಡೆಲ್ ಮಾಡಿದ್ದು ಹಾಸ್ಟೆಲ್ ಊಟದ ತಟ್ಟೆಯಲ್ಲಿ, ಆಲೂಗಡ್ಡೆ ಮುದ್ದೆಯಲ್ಲಂತೆ!

ಸರ್ಟಿಫಿಕೇಟ್ ಮುಂದೆ ಉಪಯೋಗಕ್ಕೆ ಬರುತ್ತಾ ಅಂದರೆ, ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ಸೀಟಿಗೆ ಬರಲ್ಲ. ಅದಕ್ಕೆ ಪಿಯುನಲ್ಲಿ ಗಣಿತ, ಭೌತಶಾಸ್ತ್ರ ಇರಬೇಕು, ನಾಟಾ ಥರದ ಪ್ರವೇಶ ಪರೀಕ್ಷೆ ಬರೀಬೇಕು, ಕೋರ್ಸು ಐದು ವರ್ಷ. ಅದೆಲ್ಲ ಈಗಲೇ ಯಾಕೆ, ಬಿಡಿ.

ಕೊನೆಗೊಂದು. ಮಾಡೆಲ್‌ನ ಚಾವಣಿ ಅಂಟಿಸಬೇಡಿ, ಎತ್ತಿದರೆ ಬರೋ ಹಾಗೆ ಸುಮ್ನೆ ಇಟ್ಟಿರಿ. ಆಟೋದಲ್ಲಿ ಒಯ್ಯುವಾಗ ಅದನ್ನ ಬೇರೆ ಕವರಲ್ಲಿ ಹಾಕಿಕೊಳ್ಳಿ, ಚೂರು ಫೆವಿಕಾಲೂ ಇರಲಿ. ಜಡ್ಜ್‌ಗಳು ಬಂದ ತಕ್ಷಣ ಮೊದಲು ಮಾಡೋದೇ ಅದು: ಚಾವಣಿ ಎತ್ತಿ, ಬಗ್ಗಿ, ಒಳಗೆ ನೋಡೋದು.