ನಾವು ಕೇರಳದ ಗಡಿಯೂರು ಮಂಜೇಶ್ವರದವರು. ನಾಲ್ಕು ವರ್ಷದ ಮಗಳು ಅಂಗನವಾಡಿಯಲ್ಲಿ ಬರೀ ಆಡಿ ಬರ್ತಾಳೆ. ಅಕ್ಷರ, ಲೆಕ್ಕದಲ್ಲಿ ಹಿಂದೆ ಬೀಳ್ತಾಳಾ?

ಖಂಡಿತ ಇಲ್ಲ. ನೀವು ಮಂಜೇಶ್ವರದವರು ಎಂದಿದ್ದೀರಿ, ಹಾಗಾಗಿ ಅಟ್ಟದ ಮೇಲೊಂದು ಚೆನ್ನೆಮಣೆ (ಗುಳಿಗಳಲ್ಲಿ ಕಾಯಿ ಹಾಕುತ್ತಾ ಆಡುವ ಮರದ ಮಣೆ) ಇದ್ದೀತು. ಅದನ್ನು ಕೆಳಗಿಳಿಸಿ.

ಎರಡು ಸಾಲಲ್ಲಿ 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಕಾಯಿ ತೆಗೆದು ಗುಳಿಗೊಂದರಂತೆ ಹಾಕುತ್ತಾ ಹೋಗುವಾಗ ‘ಒಂದು ವಸ್ತುವಿಗೆ ಒಂದು ಸಂಖ್ಯೆ’ ಎಂಬುದು ಮಗುವಿಗೆ ಕೈಯಲ್ಲೇ ತಿಳಿಯುತ್ತದೆ. ನೂರರವರೆಗೆ ಬಾಯಿಪಾಠ ಹೇಳುವ ಎಷ್ಟೋ ಮಕ್ಕಳಿಗೆ ಇದೇ ಗೊತ್ತಿರುವುದಿಲ್ಲ. ನನ್ನ ಮಗ ಮೊದಮೊದಲು ‘ಒಂದು’ ಎನ್ನುತ್ತಲೇ ಎರಡು ಕಾಯಿ ಹಾಕುತ್ತಿದ್ದ. ಅಜ್ಜಿ ತಿದ್ದಲಿಲ್ಲ. ಕೊನೆಯ ಗುಳಿಗೆ ಕಾಯಿ ಸಾಲದಾದಾಗ ಅವನೇ ತಡೆದು, ಹಿಂದಿನ ಗುಳಿಗಳನ್ನು ಬೆರಳಿಟ್ಟು ನೋಡಿದ. ಹೆಬ್ಬೆರಳು, ತೋರುಬೆರಳಲ್ಲಿ ಕಾಯಿ ಹೆಕ್ಕುವ ಆ ಹಿಡಿತವೇ ಮುಂದೆ ಪೆನ್ಸಿಲಿಗೂ ಬೇಕು. (ಹುಣಸೆ ಬೀಜ ಸಾಕು. ಗುಲಗಂಜಿ ಬೇಡವೇ ಬೇಡ, ಅದು ವಿಷ. ಮೂರರೊಳಗಿನ ಮಕ್ಕಳಿದ್ದರೆ ಬೀಜ ಕೈಗೆ ಸಿಗದಂತೆ ಎತ್ತಿಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.)

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನದನ್ನು ಒಂದೇ ಹಂತವೆಂದು ಹಿಡಿದು, ಆಟದ ಮೂಲಕವೇ ಕಲಿಸಬೇಕು ಎನ್ನುತ್ತದೆ.

ನಮ್ಮ ಕಡೆಯ ಇನ್ನೊಂದು ಚಿಂತೆ ಭಾಷೆಯದ್ದು: ಮನೆಯಲ್ಲಿ ತುಳುವೋ ಕನ್ನಡವೋ, ಹೊರಗೆ ಮಲಯಾಳ. ಹೆದರಬೇಡಿ. ತೆಂಗಿನ ಚಿಪ್ಪಲ್ಲಿ ಮಣ್ಣಿನ ‘ಅಕ್ಕಿ’ ಅಳೆದು ಅಂಗಡಿ ಆಟ ಆಡುವಾಗ ಮಕ್ಕಳು ಮೂರೂ ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ. ನೀವು ಮಾತ್ರ ರಾತ್ರಿಯ ಕಥೆಯನ್ನು ಮನೆಮಾತಿನಲ್ಲೇ ಹೇಳಿ, ನಡುವೆ ನಿಲ್ಲಿಸಿ ‘ಮತ್ತೆ ಎಂತಾಯ್ತು?’ ಅಂತ ಅವಳನ್ನೇ ಕೇಳಿ.